ಡಬ್ಬಿಯ ಕಾಳು, ಹೊಲದ ಕಾಳು

ತಗಡಿನ ಡಬ್ಬಿಯಲ್ಲಿ ಬೆಂದ ರಾಜ್ಮಾ ಈಗ ಪೇಟೆಯಿಂದ ನಮ್ಮ ಮನೆಗಳಿಗೂ ಬರುತ್ತಿದೆ. ರೈತರ ಮನೆಗೆ ಇದೇಕೆ ಎಂದು ಹಿರಿಯರು ಗೊಣಗುವುದುಂಟು. ನಾವು ಹಾಗೆನ್ನುವುದಿಲ್ಲ. ಇಚಲಕರಂಜಿಯ ಮಗ್ಗದಲ್ಲಿ ರಾತ್ರಿ ಪಾಳಿ ಮುಗಿಸಿದವರು ಚಹಾ-ಖಾರಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಕ್ಕಿಂತ ಕಾಳು ತಿನ್ನುವುದು ಎಷ್ಟೋ ಮೇಲು.

ಆದರೆ ಡಬ್ಬಿಯ ನೀರಿನಲ್ಲಿ ಉಪ್ಪು ಬಹಳ. ಅದನ್ನು ಚೆಲ್ಲಿ, ಕಾಳನ್ನು ಎರಡು ಸಲ ತೊಳೆದರೆ ಮೂರರಲ್ಲೊಂದು ಪಾಲಾದರೂ ಇಳಿಯುತ್ತದೆ. ರಕ್ತದೊತ್ತಡದವರು ಇದನ್ನು ಮರೆಯಬಾರದು. ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಉಪ್ಪಿನಕಾಯಿ ಭರಣಿ ಅದನ್ನು ಕೇಳಿಸಿಕೊಂಡಂತಿಲ್ಲ! ಉಬ್ಬಿದ ಡಬ್ಬಿಯನ್ನು ರುಚಿ ಕೂಡ ನೋಡದೆ ಎಸೆಯಿರಿ.

ತೊಳೆದ ಕಾಳಿಗೆ ಬೆಳ್ಳುಳ್ಳಿ, ಹುರಿದ ಜೀರಿಗೆ, ಎರಡು ಚಮಚ ಎಳ್ಳಿನ ಪುಡಿ, ಚಿಟಿಕೆ ಸಂಕೇಶ್ವರಿ ಖಾರ ಹಾಕಿ ನುಣ್ಣಗೆ ರುಬ್ಬಿ, ಲಿಂಬೆ ಹಿಂಡಿರಿ. ಲಿಂಬೆಯಿಂದ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಜೋಳದ ರೊಟ್ಟಿಗೆ ಹಚ್ಚಿಕೊಟ್ಟರೆ ಮಕ್ಕಳು ಬೇಡವೆನ್ನರು.

ಒಣ ಕಾಳಿನಿಂದಲೂ ಇದೇ ಆಗುತ್ತದೆ, ಖರ್ಚೂ ಕಡಿಮೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಮೆತ್ತಗಾಗುವವರೆಗೆ ಬೇಯಿಸಬೇಕು. ಅರೆಬೆಂದ ರಾಜ್ಮಾ ವಾಂತಿ-ಭೇದಿ ತರುತ್ತದೆ.

ನಮ್ಮ ಚಿಂತೆ ಬೇರೆ. ನೆರೆಯ ಸಾತಾರೆಯ ಕೋರೆಗಾಂವದವರು ತಮ್ಮ ವಾಘ್ಯಾ ಘೇವಡಾ ಕಾಳಿಗೆ 2016ರಲ್ಲಿ ಭೌಗೋಳಿಕ ಗುರುತು ಪಡೆದರು. ಗಡಹಿಂಗ್ಲಜ ಕಡೆಯ ನಾವೋ, ಬದುವಿನವರೆಗೆ ಕಬ್ಬು ಹಚ್ಚಿ, ಕಾಳನ್ನು ಅಂಗಡಿಯಿಂದ ತರುತ್ತೇವೆ. ಕಾಳಿನ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆಂಬುದು ನಿಮಗೆ ತಿಳಿಯದ್ದೇನಲ್ಲ. ಮುಂದಿನ ಕಬ್ಬಿನ ನಾಟಿಯಲ್ಲಿ ನಾಲ್ಕು ಸಾಲಿನ ನಡುವೆಯಾದರೂ ಅಲಸಂದಿಯನ್ನೋ ಘೇವಡಾವನ್ನೋ ಊರಿರಿ.