ಜಾಮೀನು ನಿಲ್ಲುವವರು ಯಾರು?

ಗಂಡಸಿಯ ಕೂಲಿ ಹುಡುಗನೊಬ್ಬ ಒಂದು ಮೂಟೆ ಕೊಬ್ಬರಿ ಕದ್ದು ಸಿಕ್ಕಿಬಿದ್ದನೆಂದು ಇಟ್ಟುಕೊಳ್ಳೋಣ. ವಯಸ್ಸು ಇಪ್ಪತ್ತು, ಮೊದಲ ತಪ್ಪು. ಮಾಲು ಐದು ಸಾವಿರ ರೂಪಾಯಿಗೆ ಮೇಲ್ಪಟ್ಟದ್ದು. ಆದ್ದರಿಂದ 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯ ಸಮುದಾಯ ಸೇವೆ ಅವನಿಗೆ ಸಲ್ಲದು. ಹಾಗಾದರೆ ಜೈಲೇ ಗತಿಯೆ? ಅಲ್ಲ. 1958ರ ಪ್ರೊಬೇಷನ್ ಕಾಯಿದೆಯಂತೆ, ಇಪ್ಪತ್ತೊಂದು ತುಂಬದವನನ್ನು ಸೆರೆಗೆ ಹಾಕಬೇಕಾದರೆ ನ್ಯಾಯಾಧೀಶರು ಕಾರಣ ಬರೆದಿಡಬೇಕು. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದು.

ಆದರೆ ಅದೇ ಕಾಯಿದೆಯ 4ನೆಯ ಕಲಮಿನಲ್ಲಿ ಒಂದು ಮುಳ್ಳಿದೆ. ಅಪರಾಧಿಗಾಗಲಿ ಜಾಮೀನುದಾರನಿಗಾಗಲಿ ಕಾಯಂ ವಾಸವೋ ನಿಯತ ಉದ್ಯೋಗವೋ ಇರಬೇಕಂತೆ! ಕೂಲಿ ಸಿಕ್ಕ ಕಡೆ ಗುಡಿಸಲು ಹಾಕುವವನು ಇದನ್ನು ಎಲ್ಲಿಂದ ತರಬೇಕು? ಉಳ್ಳವನ ಮಗ ಮನೆಗೆ, ಇಲ್ಲದವನ ಮಗ ಜೈಲಿಗೆ. ಮೇಷ್ಟರಿಕೆ ಮಾಡಿದ ನಮಗೆ ಗೊತ್ತು, ಹುಡುಗ ಪಕ್ಕದಲ್ಲಿ ಕೂತವನಿಂದಲೇ ಹೆಚ್ಚು ಕಲಿಯುತ್ತಾನೆ.

ಈ ಕಲಮನ್ನು ತಿದ್ದಬೇಕೆಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ, ಮಿಲ್ಲಿನ ಸಂಗಾತಿಗಳೇ, ಅಂಗಡಿಕಾರ ಮಿತ್ರರೇ, ಕಾಯಂ ಮನೆ, ನಿಯತ ಉದ್ಯೋಗ ನಿಮಗುಂಟು. ಸಂಘದಿಂದ ಇಬ್ಬರು ಅರಸೀಕೆರೆ ಕೋರ್ಟಿಗೆ ಹೋಗಿ ಜಾಮೀನು ನಿಲ್ಲಿ. ಇಂಥ ಹುಡುಗನಿಗೆ ಕೆಲಸ ಹುಡುಕಿಕೊಡುವುದು ಪ್ರೊಬೇಷನ್ ಅಧಿಕಾರಿಯ ಕರ್ತವ್ಯವೆಂದೂ ಕಾಯಿದೆಯಲ್ಲಿದೆ. ಅವರು ಅಂಗಡಿಗೆ ಬಂದು ಕೇಳಿದಾಗ ಮುಖ ತಿರುಗಿಸಬೇಡಿ. ಬಾರದಿದ್ದರೆ ನೀವೇ ಹೋಗಿ ಕೇಳಿ.