ಲ್ಯಾಪ್‌ಟಾಪಿಗೆ ಮುಪ್ಪು ಬಂತೆಂದು ತೀರ್ಪು ಕೊಡುವವರು ಯಾರು?

ಗದಗ-ಬೆಟಗೇರಿಯ ಪೇಟೆಯಲ್ಲಿ ಕೇಳಿರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಕೇಳಿರಿ, ಲ್ಯಾಪ್‌ಟಾಪ್ ನಿಧಾನವಾಯಿತೆಂದು ದುರಸ್ತಿಗೆ ಒಯ್ದವನಿಗೆ ಸಿಗುವ ಉತ್ತರ ಬಹುತೇಕ ಒಂದೇ: "ಇದು ಹಳೇದಾತು, ಇನ್ನ ನಡೆಯೂದಿಲ್ಲ, ಹೊಸಾದು ತಗೋರಿ." ಮಗಳ ಕಾಲೇಜಿಗೆಂದು ಗಿರಣಿಯ ಕಾಮಗಾರನು ಸಾಲ ಮಾಡಿ ತಂದ ಯಂತ್ರ ಅದು. ಕಿರಾಣಿ ಅಂಗಡಿಯವನ ಜಿಎಸ್‌ಟಿ ಲೆಕ್ಕವೆಲ್ಲ ಅದರಲ್ಲಿಯೇ ಇದೆ. ಪರದೆ ಒಡೆದಿಲ್ಲ, ಕೀಲಿಗಳು ಸವೆದಿಲ್ಲ. ಆದರೂ ಅದಕ್ಕೆ ಮುಪ್ಪು ಬಂತೆಂದು ತೀರ್ಪಾಗಿದೆ. ಈ ತೀರ್ಪು ಕೊಟ್ಟವರು ಯಾರು? ಇದರಿಂದ ಲಾಭ ಯಾರಿಗೆ? ಇಷ್ಟನ್ನೂ ವಿಚಾರಿಸದೆ ಕಿಸೆಗೆ ಕೈ ಹಾಕುವುದು ದುಡಿದು ಉಣ್ಣುವವನಿಗೆ ತರವಲ್ಲ.

ಸಂಗತಿ ಹೀಗಿದೆ. 2025ರ ಅಕ್ಟೋಬರ್ 14ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಪುಕ್ಕಟೆಯಾಗಿ ಕೊಡುತ್ತಿದ್ದ ಭದ್ರತೆಯ ತಿದ್ದುಪಡಿಗಳನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಬನ್ನಿರೆಂದು ಕರೆಯಿತು. ಆದರೆ ಆ ಮನೆಯ ಬಾಗಿಲಲ್ಲಿ ಕಾವಲು ಇಟ್ಟಿದೆ. ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇರಬೇಕು. ಇಂಟೆಲ್ ಪ್ರೊಸೆಸರ್ ಇದ್ದರೆ ಅದು ಸಾಮಾನ್ಯವಾಗಿ 8ನೆಯ ಪೀಳಿಗೆಯದು, ಎಂದರೆ 2017ರ ಈಚಿನದು, ಆಗಿರಬೇಕು. ಮೆಮೊರಿ 4 ಜಿಬಿಗೆ ಕಡಿಮೆ ಇರಬಾರದು. ವಿಂಡೋಸ್ 10 ಬಂದಾಗ ಇದೇ ಕಂಪನಿ 64 ಬಿಟ್ ಯಂತ್ರಕ್ಕೆ 2 ಜಿಬಿ ಸಾಕೆಂದಿತ್ತು. ಒಂದು ಆವೃತ್ತಿ ದಾಟುವಷ್ಟರಲ್ಲಿ ಬೇಡಿಕೆ ಇಮ್ಮಡಿಯಾಯಿತು. ನಮ್ಮ ಪಗಾರ ಇಮ್ಮಡಿಯಾಯಿತೇ?

ಇಲ್ಲಿ ಎರಡು ಬೇರೆ ರೋಗಗಳನ್ನು ಬೇಕೆಂದೇ ಒಂದು ಮಾಡಲಾಗಿದೆ. ಯಂತ್ರ ನಿಧಾನವಾದದ್ದು ಒಂದು ರೋಗ. ಆವೃತ್ತಿಗೆ ರಕ್ಷಣೆ ತಪ್ಪಿದ್ದು ಇನ್ನೊಂದು. ಮೊದಲನೆಯದಕ್ಕೆ ಮದ್ದು ಮೆಮೊರಿ. ಎರಡನೆಯದಕ್ಕೆ ಮದ್ದು ಆವೃತ್ತಿಯ ಬದಲಾವಣೆ. ಎರಡಕ್ಕೂ ಹೊಸ ಲ್ಯಾಪ್‌ಟಾಪೇ ಮದ್ದು ಎನ್ನುವುದು ವೈದ್ಯವಲ್ಲ, ವ್ಯಾಪಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ!

ಮೊದಲು ಮೆಮೊರಿಯ ಮಾತು. ಲ್ಯಾಪ್‌ಟಾಪಿನ ಡಿಸ್ಕೆಂದರೆ ಗೋದಾಮು. ಮೆಮೊರಿಯೆಂದರೆ ಅಂಗಡಿಯ ಕಟ್ಟೆ. ಕಟ್ಟೆ ಚಿಕ್ಕದಾದರೆ ಗಿರಾಕಿ ಕೇಳಿದ ಪ್ರತಿಯೊಂದು ಸಾಮಾನಿಗೂ ಹಮಾಲನು ಗೋದಾಮಿಗೆ ಹೋಗಿ ಬರಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕು ಮುದಿ ಹಮಾಲ. ಎಸ್‌ಎಸ್‌ಡಿ ಹರೆಯದ ಹಮಾಲ. 4 ಜಿಬಿಯ ಯಂತ್ರದಲ್ಲಿ ಟ್ಯಾಲಿ, ಬ್ರೌಸರ್, ವೈರಸ್ ಕಾಯುವ ಸಾಫ್ಟ್‌ವೇರ್ ಮೂರನ್ನೂ ತೆರೆದರೆ ಕಟ್ಟೆ ತುಂಬಿ ಹೋಗುತ್ತದೆ. ಅಂಥ ಯಂತ್ರಕ್ಕೆ 8 ಜಿಬಿ ಮೆಮೊರಿಯನ್ನೂ ಒಂದು ಎಸ್‌ಎಸ್‌ಡಿಯನ್ನೂ ಹಾಕಿಸಿದರೆ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ದುಡಿಯುತ್ತದೆ.

ಆದರೆ ದುಡ್ಡು ಬಿಚ್ಚುವ ಮೊದಲು ಪರೀಕ್ಷಿಸಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಕೂಡಿಯೇ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿತ್ಯದ ಕೆಲಸ ನಡೆದಿರುವಾಗ ಮೆಮೊರಿ ಶೇಕಡಾ 90ರ ಸುತ್ತಮುತ್ತ ತುಂಬಿದ್ದರೆ ಕೊರತೆ ಅಲ್ಲಿಯೇ ಇದೆ. ಅರ್ಧ ಖಾಲಿ ಇದ್ದರೆ ಮೆಮೊರಿಗೆ ಹಾಕಿದ ಹಣ ಹೊಳೆಗೆ ಹಾಕಿದಂತೆ. ಇನ್ನು ಮೂರು ಸಂಗತಿ ನೆನಪಿಡಿರಿ. 32 ಬಿಟ್ಟಿನ ವಿಂಡೋಸ್ 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರದು. ಮೊದಲು 64 ಬಿಟ್ಟಿಗೆ ಬದಲಾಗಬೇಕು. ಡಿಡಿಆರ್ 3, ಡಿಡಿಆರ್ 4, ಡಿಡಿಆರ್ 5 ಒಂದರ ಜಾಗದಲ್ಲಿ ಇನ್ನೊಂದು ಕೂಡ್ರುವುದಿಲ್ಲ. ಕೆಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಹೆಚ್ಚಿಸುವ ದಾರಿಯೇ ಇಲ್ಲದಿರಬಹುದು. ಹೊಸದನ್ನು ಕೊಳ್ಳಲೇಬೇಕಾದವರು ಇದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬೇಕು.

ಇನ್ನು ರಕ್ಷಣೆಯ ಮಾತು. ಕಂಪನಿಯು ಸುಮ್ಮನೆ ಹೆದರಿಸುತ್ತಿದೆ, ಹಳೆಯದನ್ನೇ ಹಾಗೆಯೇ ನಡೆಸೋಣ ಎನ್ನುವವರಿದ್ದಾರೆ. ಅದು ತಪ್ಪು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ತುಂಬ ಹಬ್ಬಿತು. ಅದನ್ನು ತಡೆಯುವ ತಿದ್ದುಪಡಿ ಮಾರ್ಚಿನಲ್ಲಿಯೇ ಬಂದಿತ್ತು. ಹಾಕಿಸಿಕೊಳ್ಳದ ಯಂತ್ರಗಳು ಬಲಿಯಾದವು, ಕಡತಗಳಿಗೆ ಬೀಗ ಬಿತ್ತು. ಬ್ಯಾಂಕಿನ ವ್ಯವಹಾರವನ್ನೂ ಉದ್ರಿಯ ಲೆಕ್ಕವನ್ನೂ ಇಟ್ಟ ಯಂತ್ರಕ್ಕೆ ತಿದ್ದುಪಡಿ ಬೇಕೇ ಬೇಕು. ನಮ್ಮ ತಕರಾರು ರಕ್ಷಣೆಯ ಮೇಲಲ್ಲ; ಗಟ್ಟಿಮುಟ್ಟಾದ ಯಂತ್ರಕ್ಕೆ ರಕ್ಷಣೆ ಕೊಡುವುದಿಲ್ಲವೆಂಬ ಹಟದ ಮೇಲೆ.

ಈ ಹಟ ಬಗ್ಗುವುದಿಲ್ಲವೇ? ಬಗ್ಗುತ್ತದೆ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚಿನ ರಕ್ಷಣೆ ಬೇಕಾದರೆ 30 ಡಾಲರು ಕೊಡಿರಿ, ಇಲ್ಲವೆ ನಿಮ್ಮ ಸೆಟ್ಟಿಂಗುಗಳನ್ನು ನಮ್ಮಲ್ಲಿ ಬ್ಯಾಕಪ್ ಇಡಿರಿ ಎಂದು ಕಂಪನಿ ಷರತ್ತು ಹಾಕಿತ್ತು. ಯುರೋಪಿನ ಗ್ರಾಹಕರ ಸಂಘಗಳು ತಕರಾರು ಎತ್ತಿದವು. 2025ರ ಸೆಪ್ಟೆಂಬರಿನಲ್ಲಿ ಕಂಪನಿಯು ಷರತ್ತನ್ನು ಅಲ್ಲಿಯವರಿಗೆ ಮಾತ್ರ ಸಡಿಲಿಸಿತು. ಸಂಘಟಿತನಾಗಿ ಕೇಳಿದವನಿಗೆ ಒಂದು ದರ, ಒಬ್ಬಂಟಿಗನಿಗೆ ಇನ್ನೊಂದು ದರ!

ಮೆಮೊರಿಯ ಪೇಟೆಯ ಕಥೆ ಇದಕ್ಕಿಂತ ಕೆಟ್ಟದು. ಜಗತ್ತಿನ ಮೆಮೊರಿ ಚಿಪ್ಪಿನ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಒಳಗೊಳಗೇ ಕೂಡಿ ದರ ಕಟ್ಟಿದ್ದಕ್ಕಾಗಿ 2005ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರು, ಹೈನಿಕ್ಸ್ 18.5 ಕೋಟಿ ಡಾಲರು ದಂಡ ತೆರಲು ಒಪ್ಪಿದವು. ಈಗಲೋ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಚಿಪ್ಪುಗಳನ್ನು ಸಗಟಾಗಿ ಎತ್ತುತ್ತಿರುವುದರಿಂದ 2025ರ ಕೊನೆಗೆ ದರ ಏರಿಹೋಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಚಿಲ್ಲರೆ ಗಿರಾಕಿಗಳಿಗೆ ಮಾರುವ ತನ್ನ 'ಕ್ರೂಶಿಯಲ್' ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಅದೇ ಕಂಪನಿಯು ಗುಜರಾತದ ಸಾಣಂದದಲ್ಲಿ ಕಟ್ಟುವ ಕಾರಖಾನೆಗೆ, 2023ರ ಒಪ್ಪಂದದಂತೆ, ವೆಚ್ಚದ ಶೇಕಡಾ 50ನ್ನು ಕೇಂದ್ರ ಸರಕಾರ, ಶೇಕಡಾ 20ನ್ನು ರಾಜ್ಯ ಸರಕಾರ ಹೊರುತ್ತದೆ. ನೂರಕ್ಕೆ ಎಪ್ಪತ್ತು ಪ್ರಜೆಗಳ ಹಣ. ಪ್ರಜೆಗೆ ಚಿಲ್ಲರೆ ಮಾಲು ಮಾತ್ರ ಬೇಡವಂತೆ!

ಹಾಗಾದರೆ ನಾವು ಮಾಡಬೇಕಾದುದೇನು?

ಯಂತ್ರ ವಿಂಡೋಸ್ 11ಕ್ಕೆ ಅರ್ಹವಿದ್ದರೆ ಏರಿಸಿಕೊಳ್ಳಿರಿ. ವಿಂಡೋಸ್ 10ರ ಪರವಾನಗಿ ಇದ್ದವರಿಗೆ ಅದು ಪುಕ್ಕಟೆ. ಆದರೆ ಮೊದಲು ಮೆಮೊರಿ, ಆಮೇಲೆ ಆವೃತ್ತಿ. 4 ಜಿಬಿಯ ಯಂತ್ರದ ಮೇಲೆ ಹೊಸ ಆವೃತ್ತಿ ಹೇರಿದರೆ ಮೂಗಿಗಿಂತ ಮೂಗುತಿ ಭಾರವಾದೀತು. ಅರ್ಹವಿಲ್ಲದಿದ್ದರೆ ಲಿನಕ್ಸ್ ಇದೆ. ಅದಕ್ಕೆ ಬೆಲೆಯಿಲ್ಲ, ಮಾಲಕನೂ ಇಲ್ಲ. ಲಿನಕ್ಸ್ ಮಿಂಟಿನ ಹಗುರ ಆವೃತ್ತಿಯು 2 ಜಿಬಿಯಲ್ಲಿ ಏಳುತ್ತದೆ, 4 ಜಿಬಿಯಲ್ಲಿ ಸಲೀಸಾಗಿ ನಡೆಯುತ್ತದೆ. ಕೇರಳದ ಸರಕಾರಿ ಶಾಲೆಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಲಿನಕ್ಸಿನ ಮೇಲೆಯೇ ಪಾಠ ನಡೆಸಿವೆ. ನಮ್ಮ ಕಿಯೋನಿಕ್ಸ್ ಸಂಸ್ಥೆಯೂ 2025ರ ನವೆಂಬರಿನಲ್ಲಿ ಲಿನಕ್ಸಿನ 'ಕಿಯೋ' ಕಂಪ್ಯೂಟರನ್ನು 18,999 ರೂಪಾಯಿಯ ಬೆಲೆ ಸಾರಿ ಬೆಂಗಳೂರಿನಲ್ಲಿ ಪ್ರದರ್ಶಿಸಿತು. ಕಾಲೇಜಿನ ಓದು, ಪತ್ರ ಬರೆಯುವುದು, ಬ್ರೌಸರಿನಲ್ಲಿ ನಡೆಯುವ ಕೆಲಸಗಳಿಗೆ ಲಿನಕ್ಸ್ ಸಾಕು. ಆದರೆ ಟ್ಯಾಲಿಯ ಮೇಲೆ ಲೆಕ್ಕ ನಡೆಸುವವರು, ಹಳೆಯ ನುಡಿ ಅಕ್ಷರಗಳಲ್ಲಿ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಗದಗಿನ ಮುದ್ರಣಾಲಯದವರು ದುಡುಕಬಾರದು. ಅವರಿಗೆ ವಿಂಡೋಸ್ ಇನ್ನೂ ಬೇಕು. ಅಂಥವರ ಒಂದು ಯಂತ್ರಕ್ಕೆ ಖರ್ಚು ಮಾಡುವುದು ನ್ಯಾಯ.

ಆದರೆ ಒಬ್ಬೊಬ್ಬನೇ ಪೇಟೆಗೆ ಹೋದರೆ ಒಬ್ಬೊಬ್ಬನೇ ಸುಲಿಸಿಕೊಳ್ಳುತ್ತಾನೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ಪಾರಾಗಲೆಂದೇ. ಆ ನೆಲದ ಮಕ್ಕಳಿಗೆ ಈ ಪಾಠವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಒಂದೊಂದು ಊರಿನ ಕಾಮಗಾರರ ಸಂಘ, ಒಂದೊಂದು ಪೇಟೆಯ ವ್ಯಾಪಾರಸ್ಥರ ಸಂಘ ಒಂದು ಕೋಣೆ, ಒಬ್ಬ ಬಲ್ಲ ಹುಡುಗ, ಲಿನಕ್ಸ್ ತುಂಬಿದ ಒಂದು ಪೆನ್ ಡ್ರೈವ್, ಇಷ್ಟನ್ನು ಒದಗಿಸಲಿ. ಕೆಟ್ಟ ಲ್ಯಾಪ್‌ಟಾಪುಗಳಿಂದ ತೆಗೆದ ಒಳ್ಳೆಯ ಮೆಮೊರಿಯನ್ನು ಪರೀಕ್ಷಿಸಿ ಕೂಡಿಡಲಿ. ಹೊಸದು ಬೇಕಾದರೆ ಎಲ್ಲರಿಗೂ ಕೂಡಿ ಸಗಟು ದರದಲ್ಲಿ ತರಲಿ. ಸರಕಾರಿ ಕಚೇರಿಗಳು ಹಳೆಯ ಯಂತ್ರಗಳನ್ನು ಗುಜರಿಯ ಲಿಲಾವಿಗೆ ಹಾಕದೆ, ಕಡತ ಅಳಿಸಿ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಡಬೇಕೆಂದು ತಾಲೂಕಾ ತಾಲೂಕಿಗೆ ಅರ್ಜಿ ಹೋಗಲಿ.

ದುಡಿಯುವ ಯಂತ್ರವನ್ನು ಕಸಕ್ಕೆ ಎಸೆಯುವುದು ದುಡಿದ ಕೂಲಿಯನ್ನು ಕಸಕ್ಕೆ ಎಸೆದಂತೆ. ಯಂತ್ರಕ್ಕೆ ಮುಪ್ಪು ಬಂತೋ ಇಲ್ಲವೋ ಎಂಬುದನ್ನು ಮಾರುವವನು ಹೇಳುವುದು ಸಾಕು. ಇನ್ನು ಬಳಸುವವನು ಹೇಳಲಿ.