ನಾಯಿಗೆ ಬುದ್ಧಿ ಕಲಿಸೂ ಮೊದಲ ಮನೀ ಮಂದಿ ಕಲೀಬೇಕು

ಮೊನ್ನೆ ಸಂಜೀಮುಂದ ಕಟ್ಟಿ ಮ್ಯಾಲ ಮೆಂತ್ಯಾ ಸೋಸಿಕೋತ ಕೂತಿದ್ದೆ. ಹಿಂದಿನ ಓಣಿ ವೈನಿ ಬಂದ್ರು. "ನಿಮ್ಮ ಲಚ್ಚಿ ಎಷ್ಟ ಶಾಣ್ಯಾ ಅದರೀ ಅಕ್ಕಾರ, ಬಂದವರ ಮೈಮ್ಯಾಲ ಹಾರೂದಿಲ್ಲ. ನಮ್ಮನಿ ಮರಿಗೆ ಬಡದು ಬಡದು ಕೈ ಸೋತು. ಬರೂ ರವಿವಾರ ಯಾರದರೆ ಹೊಲಕ್ಕ ಬಿಟ್ಟ ಬರ್ತೀವಿ" ಅಂದ್ರು.

ಆ ಕಡೀ ಮಾತ ಕೇಳಿ ಕೈಯಾಗಿನ ಸೊಪ್ಪು ಕೈಯಾಗ ಉಳೀತು. ಯಾಕಂದ್ರ 12 ವರ್ಷದ ಹಿಂದ ನಾವೂ ಅದನ್ನ ಮಾಡೇವಿ. ಇಲ್ಲೀತನಕಾ ಯಾರ ಮುಂದೂ ಹೇಳಿದ್ದಿಲ್ಲ, ಇವತ್ತ ಬರೀತೀನಿ.

ಮಗ ಹಟಾ ಹಿಡದ ಅಂತ ಒಂದು ಮರಿ ತಂದಿದ್ವಿ. ರಾಜಾ ಅಂತ ಹೆಸರು. ಎಂಟು ದಿನ ಎಲ್ಲಾರೂ ಎತ್ತಿ ಆಡಿಸಿದ್ವಿ. ಆಮ್ಯಾಲೆ ಮಗಗ ಸಾಲಿ, ಇವರಿಗೆ ಆಫೀಸು, ನನಗ ಅಡಗಿ ಮನಿ. ರಾಜಾನ್ನ ಪಾವಟಿಗಿ ಕೆಳಗ ಸರಪಳಿ ಹಾಕಿ ಕಟ್ಟಿದ್ವಿ. ಬೊಗಳಿದ್ರ ಪೇಪರ್ ಸುರಳಿ ಮಾಡಿ ಬಡಿಯೂದು, ಬಿಚ್ಚಿದಾಗ ಖುಷೀಲೆ ಮೈಮ್ಯಾಲ ಹಾರಿದ್ರ ಮತ್ತ ಬಡಿಯೂದು. ತಾಟಿನ ಹತ್ರ ಯಾರರೆ ಹೋದ್ರ ಗುರ್ ಅಂತಿತ್ತು, ಅದಕ್ಕೂ ಬಡದ್ವಿ. ಸ್ವಲ್ಪ ದಿನಕ್ಕ ಗುರ್ ಅನ್ನೂದು ಬಿಟ್ಟಿತು. ಬುದ್ಧಿ ಬಂತು ಅಂತ ನಾವು ತಿಳಕೊಂಡ್ವಿ.

ಒಂದಿನ ಹಾಲಿನ ಹುಡುಗ ಅದರ ತಾಟು ದಾಟಿ ಬರೂವಾಗ ಸಪ್ಪಳಿಲ್ಲದ ಕೈ ಕಡೀತು. ನಳದ ಕೆಳಗ ಸಾಬಣ ಹಚ್ಚಿ ಹದಿನೈದು ನಿಮಿಷ ತೊಳದು, ದವಾಖಾನಿಗೆ ಕರಕೊಂಡು ಹೋಗಿ ಇಂಜೆಕ್ಷನ್ ಎಲ್ಲಾ ಪೂರ್ತಿ ಹಾಕಿಸಿದ್ವಿ. ದೇವರ ದಯಾ, ಹುಡುಗ ಆರಾಮಾದ. ಆದ್ರ ಮರುದಿನಾನ ರಾಜಾನ್ನ ಪರಿಚಯದವರ ಹೊಲಕ್ಕ ಬಿಟ್ಟ ಬಂದ್ವಿ. ಮೂರನೇ ದಿನಕ್ಕ ಹಗ್ಗಾ ಹರಕೊಂಡು ಹೋತಂತ. ಮತ್ತ ಸಿಗಲೇ ಇಲ್ಲ. ಮಗ ಎಷ್ಟೋ ದಿನ ನನ್ನ ಜೋಡಿ ನೆಟ್ಟಗ ಮಾತಾಡಲಿಲ್ಲ.

ಈಗ ನನಗ ತಿಳದದ್ದು ಇಷ್ಟು. ಗುರ್ ಅನ್ನೂದು ಅಂದ್ರ ನಾಯಿ "ನನಗ ಅಂಜಿಕಿ ಆಗ್ಯದ, ದೂರ ಇರು" ಅಂತ ಹೇಳೂದು. ಅದಕ್ಕ ಬಡದ್ರ ಅಂಜಿಕಿ ಹೋಗೂದಿಲ್ಲ, ಹೇಳೂದಷ್ಟ ನಿಲ್ತದ. ಆಮ್ಯಾಲೆ ಸೀದಾ ಹಲ್ಲು. ಆ ಹುಡುಗನ ಕೈಗೆ ಬಿದ್ದ ಗಾಯದಾಗ ನಮ್ಮ ಪೇಪರ್ ಸುರಳಿದೂ ಪಾಲು ಅದ.

ಎರಡು ವರ್ಷದ ಹಿಂದ ನಮ್ಮ ಗೇಟಿನ ಮುಂದ ಬೀದಿ ನಾಯಿ ಮರಿ ಹಾಕಿತ್ತು. ಅದರಾಗಿಂದು ಈ ಲಚ್ಚಿ. 8 ವಾರ ತಾಯಿ ಹತ್ರನ ಬಿಟ್ಟು, ಆಮ್ಯಾಲೆ ಒಳಗ ತಗೊಂಡ್ವಿ. ಮರಿ ತಾಯಿ ಮತ್ತ ಒಡಹುಟ್ಟಿದವರ ಜೋಡಿ ಆಡಿಕೋತನ ಎಷ್ಟ ಜೋರಾಗಿ ಕಚ್ಚಬಾರದು ಅನ್ನೂದು ಕಲೀತದ. ಭಾಳ ಸಣ್ಣದಿದ್ದಾಗ ಕಿತ್ತ ತಂದ್ರ ಆ ಪಾಠ ತಪ್ತದ.

ಈ ಸಲ ಮೊದಲ ಕಲ್ತವರು ನಾವು. ಇವರು "ಸಿಟ್" ಅನ್ನೂದು, ನಾನು "ಕುಂದ್ರು" ಅನ್ನೂದು, ಅತ್ತಿಯವರು "ಕೂಡ ಬಾರವ್ವಾ" ಅನ್ನೂದು. ಪಾಪ, ಮರಿ ಯಾರ ಮಾತ ಕೇಳಬೇಕು? ಎಲ್ಲಾರೂ ಕೂತು "ಕೂಡು" ಅಂತ ಒಂದ ಶಬ್ದಾ ಗಟ್ಟಿ ಮಾಡಿದ್ವಿ. ಕೂತ ಕೂಡಲೆ ಒಂದು ಚೂರು ಭಕ್ಕರಿ, ಒಂದು "ಶಾಬಾಸ್". ನಾಕ ದಿನದಾಗ ಕಲೀತು.

ಉಚ್ಚಿ ವಿಷಯಕ್ಕ ಗಡಿಯಾರನ ಗುರು. ಮರಿ ಎದ್ದ ಮ್ಯಾಲ, ಉಂಡ ಮ್ಯಾಲ, ಆಡಿದ ಮ್ಯಾಲ ಹೊರಗ ಒಯ್ಯಬೇಕು. ಎರಡು ತಿಂಗಳ ಮರಿ ಎರಡು ಮೂರು ತಾಸಿಗಿಂತಾ ಹೆಚ್ಚು ತಡಕೊಳ್ಳೂದಿಲ್ಲ, ರಾತ್ರಿನೂ ಒಮ್ಮೆ ಏಳಬೇಕು. ಹೊರಗ ಮಾಡಿದ್ರ ಅಲ್ಲೇ ಹೊಗಳಬೇಕು. ಒಳಗ ಮಾಡಿದ್ರ ಮೂಗು ಹಚ್ಚಿ ತಿಕ್ಕಬ್ಯಾಡ್ರಿ. ಅದಕ್ಕ ತಿಳಿಯೂದು ಇಷ್ಟ: ಇವರ ಮುಂದ ಮಾಡಬಾರದು. ಆಮ್ಯಾಲೆ ಮಂಚದ ಕೆಳಗ ಹೋಗಿ ಮಾಡ್ತದ. ವಾಸನಿ ಉಳೀಧಂಗ ತೊಳೀರಿ, ಇಲ್ಲಂದ್ರ ಮತ್ತ ಅಲ್ಲೇ ಹೋಗ್ತದ.

ಕಚ್ಚೂದು ಹೇಳ್ತೀರಿ? ನಾಕರಿಂದ ಆರು ತಿಂಗಳೊಳಗ ಹಾಲಹಲ್ಲು ಬಿದ್ದು ಹೊಸಾವು ಬರ್ತಾವ. ಒಸಡು ತಿಂತದ, ಅದಕ್ಕ ಸಿಕ್ಕದ್ದು ಕಡೀತದ. ಒದ್ದಿ ಅರಬಿ ಗಂಟು ಹಾಕಿ ಫ್ರಿಜ್ಜಿನಾಗ ಇಟ್ಟು ಕೊಡತಿದ್ದೆ. ಹಳೇ ಚಪ್ಪಲ ಮಾತ್ರ ಕೊಡಬ್ಯಾಡ್ರಿ, ಹಳೇದ್ಯಾವುದು ಹೊಸಾದ್ಯಾವುದು ಅದಕ್ಕೇನ ಗೊತ್ತು? ಚಪ್ಪಲ ಎತ್ತಿಡೂದು ನಮ್ಮ ಕೆಲಸ. 30 ವರ್ಷ ನಾ ಹೇಳಿದ್ರೂ ಕಲೀದ ನಮ್ಮ ಮನಿಯವರು ಲಚ್ಚಿ ದೆಸೆಯಿಂದ ಕಲ್ತರು!

ಮೈಮ್ಯಾಲ ಹಾರಿದ್ರ ಒದರಬ್ಯಾಡ್ರಿ, ದೂಡಬ್ಯಾಡ್ರಿ. ಅದಕ್ಕ ಅದೂ ಆಟನ. ಬೆನ್ನು ತಿರುವಿ ಸುಮ್ಮ ನಿಲ್ಲರಿ. ನಾಕೂ ಕಾಲು ನೆಲಕ್ಕ ಬಂದಾಗ ಮೈ ಸವರ್ರಿ. ಆದ್ರ ಮನ್ಯಾಗ ಒಬ್ಬರು ಹಾರಿದಾಗ ಮುದ್ದು ಮಾಡಿ, ಇನ್ನೊಬ್ಬರು ಬೈದ್ರ ಏನೂ ಉಪಯೋಗಿಲ್ಲ.

ನಮ್ಮ ಮನ್ಯಾಗ ಖರೇ ತ್ರಾಸು ಅತ್ತಿಯವರದು. ತಮ್ಮ ತಾಟಿನಿಂದ ಕದ್ದ ಹಾಕತಿದ್ರು. ಬ್ಯಾಡ ಅಂದ್ರ ಅವರ ಮನಸ್ಸ ನೋಯ್ತದ. ಕಡೀಗೆ, "ನೀವ ಹಾಕ್ರಿ, ಆದ್ರ ನಿಮ್ಮ ಊಟಾ ಆದ ಮ್ಯಾಲ ಅದರ ತಾಟಿನಾಗ, ಕೂಡು ಅಂದು ಕೂಡಿಸಿ ಹಾಕ್ರಿ" ಅಂದೆ. ಒಪ್ಪಿದ್ರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಶಿರಾದಾಗಿನ ಒಣದ್ರಾಕ್ಷಿ ನಾಯಿಗೆ ವಿಷ ಅಂತ ಡಾಕ್ಟರ್ ಹೇಳಿದ್ದನ್ನ ಈಗ ಬಂದವರಿಗೆ ಅವರ ಹೇಳ್ತಾರ.

ಇನ್ನ ಕಟ್ಟಿ ಹಾಕೂದು. ನಮ್ಮ ಬಾಗಲಕೋಟಿ ಕಡೆ ಮುಧೋಳ ನಾಯಿ ಬ್ಯಾಟಿ ನಾಯಿ, ಓಡೂದ ಅದರ ಜೀವನ. 2005ರಾಗ ಅದರ ಅಂಚೆ ಚೀಟಿ ಬಂತು. ಅಂಥಾದ್ದನ್ನೂ ತಂದು ಗಚ್ಚಿ ಮ್ಯಾಲ ಕಟ್ಟಿ, "ಭಾಳ ಬೊಗಳತದ" ಅನ್ನೂ ಮಂದಿ ಇದ್ದಾರ. ಯಾವ ನಾಯಿನೇ ಇರಲಿ, ದಿನಕ್ಕ ಎರಡು ಸರ್ತಿ ಅಡ್ಡಾಡಿಸಿದ್ರ ಅರ್ಧಾ ಕಿಡಿಗೇಡಿತನ ತಾನ ಕಡಿಮಿ ಆಗ್ತದ. ಅಷ್ಟಕ್ಕೂ ವ್ಯಾಳ್ಯಾ ಇಲ್ಲಂದ್ರ ಮರಿ ತರಲೇಬ್ಯಾಡ್ರಿ. ಹುಡುಗರು ಅತ್ರೂ ತರಬ್ಯಾಡ್ರಿ. ಹುಡುಗರ ಅಳು ಎರಡು ದಿನ, ನಾಯಿ ಹತ್ತು ಹನ್ನೆರಡು ವರ್ಷ.

ನಾಯಿ ಬಾಲ ಡೊಂಕ ಅಂತ ಹಿರಿಯರು ಅಂದಾರ. ಬಾಲ ಡೊಂಕ ಇರಲಿ, ಅದರಿಂದ ಯಾರಿಗೂ ತ್ರಾಸಿಲ್ಲ. ರಾಜಾನ ವಿಷಯದಾಗ ಡೊಂಕ ಇದ್ದದ್ದು ನಮ್ಮ ನಡತಿ.

ವೈನಿ, ಇದನ್ನ ಓದಿದ್ರ ಸಿಟ್ಟಾಗಬ್ಯಾಡ್ರಿ. ನಿಮ್ಮ ಮರಿಗೆ ಇನ್ನೂ ಐದ ತಿಂಗಳು. ನಾಳೆ ಸಂಜೀಕೆ ಒಂದು ಚೂರು ಭಕ್ಕರಿ ತಗೊಂಡು ಮರೀನ್ನ ನಮ್ಮ ಅಂಗಳಕ್ಕ ಕರಕೊಂಡ ಬರ್ರಿ, ಮನೀ ಮಂದೀನೂ ಕರಕೊಂಡ ಬರ್ರಿ. ರವಿವಾರಕ್ಕ ಇನ್ನ ನಾಕ ದಿನ ಅದ.